ಎರವಲಿನ ಒಲೆ

ಒಂದಾನೊಂದು ಕೇರಿಯಲ್ಲಿ ಮನೆಗಳು ಹಲವು, ಕಬಾಬ್ ಸುಡುವ ದೊಡ್ಡ ಒಲೆ ಮಾತ್ರ ಒಂದೇ. ಅಜ್ಜಿಯಾದರೆ ಈ ಕತೆಯನ್ನು ಹೀಗೇ ಶುರುಮಾಡುತ್ತಿದ್ದಳು ಎಂದುಕೊಂಡಳು ರಬಾಬ್. ಬಸ್ರಾದ ತಗಡಿನ ಅಂಗಡಿಯಲ್ಲಿ ಕೆಟಲಿಗೆ ಬೆಸುಗೆ ಹಾಕಿಸಲು ಕೂತಿದ್ದ ಅವಳ ಪಕ್ಕದಲ್ಲೇ ಮುದುಕ ಹಾಜಿ ಚಾಸಿಬರೂ ಅವರ ನೆರೆಯ ದಾಖಿಲನೂ ಕೊಳ್ಳಲು ಒಲೆ ನೋಡುತ್ತಿದ್ದರು.

“ಇದು ಸಾಕೇನೋ ದಾಖಿಲ್?”

“ಸಾಲಲ್ಲ ಹಾಜಿ. ಮೂರು ದಿನ ಸಾವಿನ ಮನೇಲಿ ಒಲೆ ಹಚ್ಚಲ್ಲ, ಬಂದೋರಿಗೆಲ್ಲ ನಾವೇ ಬಡಿಸ್ಬೇಕು. ಅಬು ಶಿಹಾಬನ ಒಲೆಯಷ್ಟಾದ್ರೂ ಉದ್ದ ಬೇಕು.”

“ಅದನ್ನೇ ತಂದ್ರೆ? ಯಾವಾಗ್ಲೂ ತರ್ತಿದ್ವಲ್ಲ.”

“ಅವನ ಹೆಂಡ್ತೀನ ಏನಂತ ಕೇಳ್ಲಿ? ನಿನ್ನ ಗಂಡನ ಸಾವಿನ ಊಟಕ್ಕೆ ಅವನ ಒಲೆನೇ ಕೊಡು ಅಂತಲಾ?”

ಹಾಜಿ ತಾವು ತೋರಿಸಿದ್ದ ಒಲೆಯನ್ನು ಬದಿಗೆ ಸರಿಸಿದರು.

“ಹೋದ ಹಬ್ಬಕ್ಕೂ ಬೈದಿದ್ದ. ‘ನಾನು ಸಾಯೋದ್ರೊಳಗೆ ನಿಂದೇ ಒಂದು ತಗೊಳ್ಳೋ, ಜಿಪುಣ’ ಅಂತ. ತಗೋತೀನಿ ಅಂತ ಆಣೆ ಇಟ್ಟಿದ್ದೆ ಹಾಜಿ.”

“ಬೈದ್ರೂ ಕೆಂಡಕ್ಕೆ ಗಾಳಿ ಅವನೇ ಬೀಸ್ತಿದ್ದ.”

“ಹೂಂ. ನಂಗೆ ಬೀಸೋಕೂ ಬರಲ್ಲ.”

“ಕಲಿತೀಯ ಬಾ.”

ದಾಖಿಲ್ ಎಲ್ಲಕ್ಕಿಂತ ಉದ್ದದ್ದನ್ನೇ ಕೊಂಡ. ಒಂದು ತುದಿ ಹಾಜಿ, ಇನ್ನೊಂದು ತುದಿ ಅವನು ಹಿಡಿದು, ಅಬು ಶಿಹಾಬನಿಗೆ ಕೊಟ್ಟ ಮಾತನ್ನು ಹೊತ್ತುಕೊಂಡು ಅವನಿಲ್ಲದ ಕೇರಿಯತ್ತ ನಡೆದರು.