ಗದ್ದೆಗೆ ಹೊಡೆಯುವ ಪುಡಿ

“ಆ ಪುಡಿ ಪಾಕೀಟಿಗೆ ಅರವತ್ತು ರೂಪಾಯಿ. ಈಗ ಒಂದೊಂದು ಸೂಜಿಗೆ ಎರಡು ಸಾವ್ರ!”

ಸಿಂಧನೂರಿನ ಆಸ್ಪತ್ರೆಯಲ್ಲಿ, ಹುಣ್ಣಾದ ಕಾಲ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಶೇಖಮ್ಮ ಕಿವಿಗೊಟ್ಟಳು. ಹಾಗೆಂದವಳು ಪಕ್ಕದಲ್ಲಿದ್ದ ಹೆಂಗಸು; ಅವರು ತುರ್ವಿಹಾಳದ ಗಂಡ ಹೆಂಡತಿ. ಗಂಡನ ಪಾದ ಊದಿ ಕಪ್ಪಾಗಿತ್ತು.

“ರಿಪೋರ್ಟಿನ್ಯಾಗ ಏನೈತಂತ?” ಎಂದ ಅವನು.

“ಹದಿನಾಕು ಔಷಧ ಹಾಕಿ ನೋಡ್ಯಾರಂತ. ಕೀವಿನ್ಯಾಗಿನ ಕಣ್ಣಿಗೆ ಕಾಣದ ಹುಳ ಒಂದಕ್ಕೂ ಸಾಯವಲ್ದಂತರೀ.”

“ನಿನ್ನಷ್ಟ ಹಟ ಐತಿ ಅದಕ್ಕ.”

“ನಗಬ್ಯಾಡ್ರಿ. ಕುಡುಗೋಲು ತಾಗಿದಾಗ ಏನು ಹಚ್ಚಿದ್ರಿ ಅಂತ ಡಾಕ್ಟ್ರು ಕೇಳಿದ್ರು. ಗದ್ದ್ಯಾಗ ನೆಲ್ಲಿನ ಎಲಿ ರೋಗಕ್ಕ ಹೊಡಿಯೋ ಪುಡಿ ಉಳಿದಿತ್ತು, ಅದನ್ನ ಉದುರಿಸಿದ್ವಿ ಅಂದೆ. ಅದೂ ಆಂಟಿಬಯೋಟಿಕ್ಕೇ ಅಂತ.”

“ಈ ಸಲದ ಬೆಳ್ಯಾಗ ನೆಲ್ಲಿನ ರೋಗಕ್ಕೂ ನಾಟಲಿಲ್ಲಲ್ಲ ಆ ಪುಡಿ.”

“ಅದನ್ನೂ ಹೇಳಿದೆ. ಡಾಕ್ಟ್ರು ಬರಿಯೋದು ಬಿಟ್ಟು ನನ್ನ ಮಾರಿ ನೋಡಿದ್ರು. ಗದ್ದ್ಯಾಗ ಆ ಪುಡಿಗೆ ಪಳಗಿದ ಹುಳನ ಗಾಯಕ್ಕೂ ಹೊಕ್ಕಿರಬೇಕು ಅಂದ್ರು.”

ಗಂಡ ಊದಿದ ಪಾದವನ್ನು ಮೆಲ್ಲಗೆ ಮುಟ್ಟಿ ನೋಡಿದ.

“ಈ ಕಾಲು ನಂದಲ್ಲ ಅನಸ್ತೈತಿ. ಗದ್ದಿ ಕೆಸರು ಇನ್ನೂ ಒಳಗ ಕುಂತಂಗೈತಿ. ನೆಲ್ಲು ಕೊಳೆತ ವಾಸನಿ ಬರಾಕತ್ತೈತಿ, ನಿನಗ?”

“ಮೂರು ದಿನ ಆತು, ನನಗೂ ಬರಾಕತ್ತು. ಹೇಳಿದ್ದಿಲ್ಲ.”

“ದುರುಗಪ್ಪ ಯಾರ್ರೀ? ಆಪರೇಷನ್ನಿಗೆ ಬರ್ರಿ,” ಎಂದು ಒಳಗಿನಿಂದ ನರ್ಸ್ ಕೂಗಿದಳು. ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಅವನು ಕುಂಟುತ್ತಾ ಹೋದ.

ಅವರು ಹೋದ ಮೇಲೂ ಆ ವಾಸನೆ ಬೆಂಚು ಬಿಟ್ಟು ಏಳಲಿಲ್ಲ. ಬೆರಳಿಗೆ ಉದುರಿಸಲೆಂದು ಮುಂಜಾನೆಯಷ್ಟೇ ಕೊಂಡಿದ್ದ ಅದೇ ಪುಡಿಯ ಪಾಕೀಟನ್ನು ಶೇಖಮ್ಮ ಚೀಲದಿಂದ ತೆಗೆದಳು. ತನ್ನ ಸರದಿ ಬಂದಾಗ, ಒಡೆಯದೆಯೇ ಅದನ್ನು ಡಾಕ್ಟರ ಮೇಜಿನ ಮೇಲಿಟ್ಟು, ಬೆರಳು ತೋರಿಸಿದಳು.

ದುರುಗಪ್ಪನ ಕಾಲು ಹೋಯಿತು. ಶೇಖಮ್ಮನ ಬೆರಳು ಉಳಿಯಿತು.