ಅತ್ತೆಯನ್ನು ಬೈಯುವ ವ್ಯಾಯಾಮ

ದೀದಿಯ ಯಜಮಾನರಾದ ಟೇಕ್ ಬಹಾದುರ್ ದಾಜು, ಅವರ ಮಗಳು ಇಂದಿರಾ, ನಮ್ಮ ಆಸ್ಪತ್ರೆಯ ಬಳಗದವರೇ, ಗುಡ್ಡ ಇಳಿದು ಬಂದಿರುವ ಆಮಾಗಳೇ, ತಾಯಂದಿರೇ — ಎಲ್ಲರಿಗೂ ನಮಸ್ಕಾರ.

ಫಿಸಿಯೋಥೆರಪಿಸ್ಟ್ ಜಮುನಾ ಪುನ್ ದೀದಿ ತೀರಿಕೊಂಡಿದ್ದಾರೆ. ಅವರ ಕೋಣೆಯಲ್ಲೇ ಕೆಲಸ ಮಾಡಿದ ನರ್ಸ್ ನಾನು. ದೇವತೆ, ತ್ಯಾಗಮಯಿ — ಅದೆಲ್ಲ ಈಗಾಗಲೇ ಹೇಳಿಯಾಯಿತು. ದೀದಿ ಕೇಳಿದ್ದರೆ, "ಸಾಕು ಮಾಡ್ರಪ್ಪ, ಹೊರಗೆ ಜನ ಕಾಯ್ತಿದಾರೆ" ಅನ್ನುತ್ತಿದ್ದರು. ನಾನು ಒಂದೇ ಸಂಗತಿ ಹೇಳುತ್ತೇನೆ.

ಪಬಿತ್ರಾ ಅಂತ ಒಬ್ಬಳು ಬಂದಿದ್ದಳು. ಹಸಿ ಬಾಣಂತಿ — ಆಗಲೇ ಬೆನ್ನ ಮೇಲೆ ಹುಲ್ಲು ತುಂಬಿದ ಡೋಕೊ ಬುಟ್ಟಿ ಹೊತ್ತು ಗುಡ್ಡ ಹತ್ತುತ್ತಿದ್ದಳು. ಗರ್ಭಕೋಶ ಜಾರತೊಡಗಿತ್ತು. ಕೆಮ್ಮಿದರೆ ಉಚ್ಚೆ ಸೋರುತ್ತಿತ್ತು. ಹೊರೆ ಬಿಟ್ಟು ವ್ಯಾಯಾಮ ಮಾಡಿದರೆ ಸುಧಾರಿಸುವ ಹಂತ. ಇಲ್ಲದಿದ್ದರೆ ಜೀವಮಾನದ ಬಾಧೆ.

"ಉಚ್ಚೆ ತಡೆಯೋ ಹಾಗೆ, ಒಳಗಿಂದ ಮೇಲಕ್ಕೆ ಬಿಗಿ ಹಿಡಿ ಬೈನಿ" ಎಂದರು ದೀದಿ. ಕಿರಿಯರೆಲ್ಲ ಅವರಿಗೆ ಬೈನಿ, ತಂಗಿ. ಪಬಿತ್ರಾ — ಹೀಗೆ, ನೋಡಿ — ಹಲ್ಲು ಕಚ್ಚಿ, ಉಸಿರು ಕಟ್ಟಿ, ತಿಣುಕಿ ಕೆಳಕ್ಕೆ ಒತ್ತಿದಳು. ಡೋಕೊ ಎತ್ತಿ ಬೆಳೆದ ನಮಗೆಲ್ಲ ಬಿಗಿ ಹಿಡಿ ಎಂದರೆ ಅದೊಂದೇ ಗೊತ್ತು. ಜಾರುತ್ತಿರುವುದನ್ನು ಇನ್ನಷ್ಟು ನೂಕಿದ ಹಾಗಾಗುತ್ತದೆ.

"ಮಾತಾಡ್ತಾ ಬಿಗಿ ಹಿಡಿ. ಆಗ ಉಸಿರು ಕಟ್ಟೋಕಾಗಲ್ಲ."

"ಏನು ಮಾತಾಡ್ಲಿ ದೀದಿ?"

"ಅತ್ತೇನ ಬೈಯಿ. ಅದಕ್ಕೇನು ಮಾತಿಗೆ ಬರವಾ?"

"ಎಮ್ಮೆ ಕರು ಹಾಕಿದ್ರೆ ಬೆಲ್ಲ ಕೊಡ್ತಾಳೆ, ನನಗೆ ಕುಡುಗೋಲು ಕೊಟ್ಟಳು" ಅಂತ ಮೆಲ್ಲಗೆ ಶುರುವಾಯಿತು. ಬಾಯಿ ಓಡಿತು, ಉಸಿರು ಆಡಿತು, ಸ್ನಾಯು ಸರಿಯಾಗಿ ಮೇಲೆದ್ದಿತು. ಬಾಗಿಲಲ್ಲಿ ನೋಡಿದರೆ — ಮಗು ಎತ್ತಿಕೊಂಡು ಅತ್ತೆ ನರಮಾಯಾ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

 ದೀದಿ ಅಳುಕಲಿಲ್ಲ. "ಬನ್ನಿ ಆಮಾ. ಕೆಮ್ಮಿದಾಗ ನಿಮಗೆ ಹೇಗಿರುತ್ತೆ?" ಎಂದರು.

 ಆಮಾ ಮಗುವನ್ನು ನನ್ನ ಕೈಗೆ ಕೊಟ್ಟು, ಚಾಪೆಯ ಮೇಲೆ ಸೊಸೆಯ ಪಕ್ಕ ಮಲಗಿದರು. "ಇವಳ ಗಂಡ ಹುಟ್ಟಿದಾಗಿಂದ ಜಾರಿದೆ. ಯಾರಿಗೂ ಹೇಳಿಲ್ಲ. ನನ್ನ ಅತ್ತೆ ಸತ್ತೋಗಿದ್ದಾಳೆ — ಬೈಬಹುದಾ?"

"ಜೋರಾಗಿ ಬೈಯಿರಿ" ಎಂದರು ದೀದಿ.

ಮರುದಿನದಿಂದ ಆ ಮನೆಯ ಡೋಕೊ ಹೊತ್ತವನು ಆಮಾರ ಮಗ, ಪಬಿತ್ರಾಳ ಗಂಡ. ಊರು ನಕ್ಕಿತು, ಅವನು ಹೊತ್ತ. ಪಬಿತ್ರಾ ಗುಣವಾದಳು. ಆಮಾಗೆ ಆಪರೇಷನ್ನೇ ಬೇಕಾಯಿತು. ವ್ಯಾಯಾಮದಿಂದ ಎಲ್ಲವೂ ಆಗುವುದಿಲ್ಲ, ಅದನ್ನೂ ದೀದಿ ಮುಖಕ್ಕೇ ಹೇಳುತ್ತಿದ್ದರು.

ನನಗೆ ದುಃಖವಾಗಿದೆ. ಇಷ್ಟು ಸಾಕು.

ಈಗ ದೀದಿಗಾಗಿ ಒಂದು ನಿಮಿಷ ಮೌನ. ಎಲ್ಲರೂ ಏಳಿ. ಆದರೆ — ನಿಂತರೆ ಕೆಳಗೆ ಭಾರವಾಗುವ ಆಮಾಗಳು, ಬೈನಿಗಳು ಕೂತೇ ಇರಿ. ಎಷ್ಟು ಜನ ಬಾಯಿ ಮುಚ್ಚಿಕೊಂಡು ಸಹಿಸುತ್ತಿದ್ದೇವೆ ಎಂದು ಈ ಗಂಡಸರು ಒಂದು ನಿಮಿಷ ನಿಂತು ನೋಡಲಿ.

ನಾನೂ ಕೂರುತ್ತೇನೆ. ಉಳಿದವರು ದಯವಿಟ್ಟು ಎದ್ದು ನಿಲ್ಲಿ.