ದಾನವ್ವನವರ ಬಲಗಾಲಿನ ಸಮಾರಂಭ

ಮಂಚವನ್ನೇ ಪೀಠವಾಗಿಸಿಕೊಂಡು, ಬಲಗಾಲನ್ನು ದಿಂಬಿನ ಮೇಲೆ ಚಾಚಿ ಆಸೀನರಾಗಿರುವ ಸಭಾಧ್ಯಕ್ಷೆ, ಮಾತೋಶ್ರೀ ದಾನವ್ವನವರೇ, ಬಿಸಿನೀರಿನ ಬೋಗುಣಿ ಹಿಡಿದು ನಿಂತಿರುವ ಮುಖ್ಯ ಅತಿಥಿ, ನನ್ನ ಧರ್ಮಪತ್ನಿ ಮಹಾದೇವಿಯವರೇ, ಕಿಟಕಿಯಾಚೆ ಪೈಪಿನ ಮೇಲೆ ಮುಂಚಿತವಾಗಿ ಜಾಗ ಹಿಡಿದಿರುವ ಪಾರಿವಾಳಗಳೇ, ಸಭಿಕರೇ,

ಆಂಟಾಪ್ ಹಿಲ್ಲಿನ ಈ ಹತ್ತಡಿ ಹನ್ನೆರಡಡಿ ಸಭಾಂಗಣದಲ್ಲಿ, ಪ್ರತಿ ಭಾನುವಾರ ಬೆಳಿಗ್ಗೆ, ಅಧ್ಯಕ್ಷರ ಪಾದದ ಪಟ್ಟಿ ಬಿಚ್ಚುವ ಹೊತ್ತಿಗೆ ನನ್ನ ಭಾಷಣವಿರುತ್ತದೆ. ಅಧ್ಯಕ್ಷರು ಭಾಷಣಕಾರನ ಮುಖ ನೋಡಬೇಕು, ತಮ್ಮ ಪಾದ ನೋಡಬಾರದು ಎಂಬುದು ಈ ಸಭೆಯ ಏಕೈಕ ನಿಯಮ. ಸಕ್ಕರೆ ಕಾಯಿಲೆಯ ಆ ಗಾಯಕ್ಕೆ ಇಂದಿಗೆ ಏಳು ತಿಂಗಳು; ಮುಚ್ಚುವ ಮನಸ್ಸು ಮಾಡಿಲ್ಲ. ನಾಳೆ ಅಧ್ಯಕ್ಷರು ಆಸ್ಪತ್ರೆಗೆ ಹೊರಡಲಿದ್ದಾರೆ. ಅಲ್ಲಿ ಗಾಯಗಳಿಗೆಂದು ನನ್ನ ಲ್ಯಾಬಿನಲ್ಲಿ ಮಾಡುವ ಜೆಲ್ ಹಚ್ಚುತ್ತಾರೆಂದು ನಾನು ಹೇಳಿರುವುದರಿಂದ ಇಂದು ಅವರ ಮುಖದಲ್ಲಿ ಮದುವೆಮನೆಯ ಕಳೆ ಇದೆ. ಆದ್ದರಿಂದ ಇಂದಿನ ವಿಷಯ, ಜೆಲಟಿನ್ ಜೆಲ್ಲಿನ ಎರಡು ಬಗೆಯ ಬಂಧ.

ಜೆಲಟಿನ್ ಎಂದರೇನು? ತೊಗಲು, ಮೂಳೆ ಕುದಿಸಿ ತೆಗೆದ ಸಾರ. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಫ್ರಿಜ್ಜಿನಲ್ಲಿಟ್ಟರೆ, ಅದರ ಎಳೆಗಳು ಚಳಿಗೆ ಒಂದನ್ನೊಂದು ತಬ್ಬಿಕೊಂಡು, ನಡುವೆ ನೀರನ್ನೂ ಹಿಡಿದುಕೊಂಡು ಗಟ್ಟಿಯಾಗುತ್ತವೆ. ಬೇರೇನನ್ನೂ ಬೆರೆಸಬೇಕಾಗಿಲ್ಲ. ಇದು ಭೌತಿಕ ಬಂಧ. ಮೈಗೆ ಹಿತ, ವಿಷರಹಿತ. ಆದರೆ ಮೈಯ ಬಿಸಿ ತಾಗಿತೋ, ಅಪ್ಪುಗೆ ಸಡಿಲ. ತಂಪಿನಲ್ಲಿ ಕಟ್ಟಿತು, ತಾಪದಲ್ಲಿ ಬಿಟ್ಟಿತು. ಹದಿನೆಂಟು ವರ್ಷಗಳಿಂದ ಲ್ಯಾಬ್ ಸಹಾಯಕನಾಗಿ ಹೊಸಬರಿಗೆಲ್ಲ ಇದನ್ನು ಪ್ರಾಸದಲ್ಲೇ ಹೇಳಿಕೊಡುತ್ತಿದ್ದೇನೆ. ಕನ್ನಡ ಬಾರದ ಮರಾಠಿ ಮಕ್ಕಳೂ ನಗುತ್ತಾರೆ. ಪ್ರಾಸಕ್ಕೋ ನನ್ನ ಮುಖಕ್ಕೋ ತಿಳಿಯದು.

ಇಷ್ಟು ಬಲ್ಲವನು ಹೋದ ತಿಂಗಳು ಮಾಡಿದ್ದೇನು? ಅಧ್ಯಕ್ಷರು ದಿನವೂ ಕೇಳುತ್ತಿದ್ದರು. "ಗಾಯಕ್ಕ ಹಚ್ಚೋದು ಮಾಡ್ತೀನಂತಿ, ಊರ ಮಂದಿಗೆಲ್ಲ ಮಾಡ್ತಿ. ನನ್ನ ಕಾಲೇನ್ ಪಾಪ ಮಾಡೇತಿ?" ತಡೆಯಲಾರದೆ, ಯಾರಿಗೂ ಹೇಳದೆ, ಒಂದು ಹಾಳೆ ಜೆಲ್ಲನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಕುರ್ಲಾದಲ್ಲಿ ಸಂಜೆಯ ಲೋಕಲ್ ರೈಲು ಹತ್ತಿದೆ. ಬೀಳದಿರಲೆಂದು ಡಬ್ಬಿಯನ್ನು ಎದೆಗೆ ಅವಚಿಕೊಂಡೆ. ಮುಂದೆ ಮೂವರು, ಹಿಂದೆ ನಾಲ್ವರು, ಎಲ್ಲರ ಮೈಯೂ ಮೂವತ್ತೇಳು ಡಿಗ್ರಿ. ಮನೆಯಲ್ಲಿ ಮುಚ್ಚಳ ತೆಗೆದರೆ ಅಧ್ಯಕ್ಷರು ಇಣುಕಿ ನೋಡಿ, "ಸಾರು ಛಲೋ ಐತಿ. ಒಗ್ಗರಣಿ ಹಾಕ್ಲೇನು?" ಅಂದರು. ಮುಖ್ಯ ಅತಿಥಿಗಳ ನಗು ಇಂದಿಗೂ ನಿಂತಿಲ್ಲ.

ಎರಡನೆಯದು ರಾಸಾಯನಿಕ ಬಂಧ. ಇಲ್ಲಿ ಗ್ಲುಟರಾಲ್ಡಿಹೈಡ್ ಎಂಬ ದ್ರವ ಹಾಕಿ ಎಳೆಗೆ ಎಳೆ ಹೊಲಿದುಬಿಡುತ್ತೇವೆ. ಮೈಬಿಸಿಗೆ ಕರಗುವ ಮಾತೇ ಇಲ್ಲ. ಆದರೆ ಹೊಲಿಗೆಗೆ ಸೇರದೆ ಉಳಿದ ದ್ರವವಿದೆಯಲ್ಲ, ಅದು ಜೀವಕೋಶಗಳನ್ನು ಕೊಲ್ಲುತ್ತದೆ. ತೊಳೆದರೆ ಮದ್ದು, ತೊಳೆಯದಿದ್ದರೆ ಗುದ್ದು.

ಹಿಂದೊಂದು ಭಾನುವಾರ ಇದನ್ನು ವಿವರಿಸುವಾಗ ಅಧ್ಯಕ್ಷರು ನನ್ನನ್ನು ಅರ್ಧಕ್ಕೇ ತಡೆದರು. ಅವರು ಯಾರು? ಧಾರಾವಿಯ ತೊಗಲಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸುಣ್ಣದ ನೀರಿನಲ್ಲಿ ಬರಿಗಾಲಲ್ಲಿ ನಿಂತವರು. ಅವರು ಹಾಗೆ ನಿಂತದ್ದರಿಂದ ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕುಳಿತೆ, ಪದವೀಧರನಾದೆ, ಬೂಟು ಹಾಕಿಕೊಂಡು ಲ್ಯಾಬಿಗೆ ಹೋದೆ. "ತೊಗಲು ಹದ ಮಾಡೋದ ಅಲ್ಲೇನೋ ಇದು?" ಎಂದರು. "ಹದ ಕಡಿಮಿ ಆದ್ರ ಕೊಳೀತೈತಿ, ಹೆಚ್ಚಾದ್ರ ಸೆಟೀತೈತಿ. ಇದಕ್ಕ ಇಷ್ಟು ಓದಬೇಕಾಗಿತ್ತೇನು?"

ಮರುದಿನ ನಮ್ಮ ಲ್ಯಾಬಿನ ಮುಖ್ಯಸ್ಥೆ ರಂಜನಿ ಮೇಡಂಗೆ ಈ ಮಾತು ಹೇಳಿದೆ. ಬಂಧ ಹೆಚ್ಚಾದರೆ ಜೆಲ್ ಬಿರುಸಾಗುತ್ತದೆ, ನೀರು ಹೀರದು, ಹೊಸ ಕೋಶಗಳಿಗೆ ಒಳಗೆ ದಾರಿ ಸಿಗದು ಎಂದು ಅವರು ಎರಡು ವರ್ಷ ಅಳೆದು ತೂಗಿ ಬರೆದದ್ದೂ ಅದನ್ನೇ. ಮೇಡಂ ನಗಲಿಲ್ಲ. ಅವ್ವನ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ಸಲಿಗೆಯಲ್ಲಿ ನಾನು ಚೆನ್ನಾಗಿ ತೊಳೆದ ಒಂದು ಹಾಳೆ ಕೊಡಿ ಎಂದು ಕೇಳಿಯೇಬಿಟ್ಟೆ. ಅವರು ಒಂದೊಂದೇ ಬೆರಳಿನಿಂದ ಕೈಗವಸು ಬಿಚ್ಚಿದರು. "ಇಲಿಗಳ ಮೇಲಷ್ಟೇ ನೋಡಿದ್ದೀವಿ ಶಿವಪುತ್ರ. ನಿಮ್ಮ ತಾಯಿ ಮೇಲೆ ನೋಡೋಕೆ ನನ್ನಿಂದ ಆಗಲ್ಲ" ಅಂದರು.

ಕ್ಷಮಿಸಬೇಕು. ಈ ಮಾತು ಇಂದಿನ ಭಾಷಣದಲ್ಲಿ ಇರಬಾರದಿತ್ತು. ಮುಖ್ಯ ಅತಿಥಿಗಳು ತೊಳೆಯುವುದನ್ನು ನಿಲ್ಲಿಸಬಾರದಾಗಿ ವಿನಂತಿ, ನೀರು ಆರುತ್ತದೆ. ಅಧ್ಯಕ್ಷರು ನನ್ನನ್ನು ಹಾಗೆ ನೋಡಬಾರದಾಗಿಯೂ ವಿನಂತಿ.

ಭಾಷಣ ಮುಗಿಸುವುದು ಹೇಗೆ? ಏಳು ತಿಂಗಳು ನೋವನ್ನೂ ನನ್ನ ಪ್ರಾಸವನ್ನೂ ಒಟ್ಟಿಗೆ ಸಹಿಸಿದ ಅಧ್ಯಕ್ಷರಿಗೆ, ಒಂದು ವಾರವೂ ಮೂಗು ಮುಚ್ಚಿಕೊಳ್ಳದ ಮುಖ್ಯ ಅತಿಥಿಗೆ, ಸದ್ದು ಮಾಡದ ಪಾರಿವಾಳಗಳಿಗೆ ವಂದನೆ. ನಮಸ್ಕಾರ.

ಅವ್ವಾ, ನಾಳೆ ಜೆಲ್ ಹಚ್ಚಂಗಿಲ್ಲ. ಎರಡು ಬೆರಳು ತೆಗೀತಾರ. ಹಂಗ ಬಿಟ್ರ ಕಾಲ ಹೋಗತೈತಂತ ಡಾಕ್ಟರ್ ಗುರುವಾರನ ಹೇಳ್ಯಾರ. ನಾ ಸಹಿ ಹಾಕಿ ಬಂದೇನಿ. ನಿನಗ ಹೇಳಾಕ ಬಾಯಿ ಬರಲಿಲ್ಲ, ಅದಕ್ಕ ಇಷ್ಟೆಲ್ಲ ಮಾತಾಡಿದೆ.